ಗಣಕಕ್ಕೂ ಯಂತ್ರಕ್ಕೂ ನಡುವಣ ಫಲಕ

ಮನೆಯ ತಲಬಾಗಿಲಿನ ಮೇಲೆ ಬಳ್ಳಿ, ಹಂಸ, ಕಲಶಗಳನ್ನು ಕೆತ್ತುವ ಕೆಲಸವನ್ನು ಇಂದು ಊರೂರುಗಳಲ್ಲಿ ಗಣಕಯಂತ್ರದ ಅಪ್ಪಣೆಯಂತೆ ನಡೆಯುವ ಯಂತ್ರಗಳು ಮಾಡುತ್ತಿರುವುದನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ಸಿಎನ್‌ಸಿ ಎಂದು ಕರೆಯಲ್ಪಡುವ ಈ ವಿದ್ಯೆ ಹೊಸದೇನಲ್ಲ. 1952ರಲ್ಲಿಯೇ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ, ತೂತು ಹೊಡೆದ ಪಟ್ಟಿಯಲ್ಲಿನ ಸಂಖ್ಯೆಗಳನ್ನು ಓದಿಕೊಂಡು ಲೋಹವನ್ನು ಕೊರೆಯುವ ಯಂತ್ರವನ್ನು ಪ್ರದರ್ಶಿಸಲಾಗಿತ್ತು. ಅಂದು ದೊಡ್ಡ ಕಾರ್ಖಾನೆಗಳ ಸೊತ್ತಾಗಿದ್ದುದು ಇಂದು ಒಬ್ಬ ಬಡಗಿಯ ಪಡಸಾಲೆಗೆ ಬಂದಿದೆ. ಆಸಕ್ತಿಯುಳ್ಳವರು ಅದನ್ನು ತಾವೇ ಕಟ್ಟಿಕೊಳ್ಳಲೂ ಬಲ್ಲವರಾಗಿದ್ದಾರೆ, ಹೊಸದೆಂದರೆ ಇದೇ.

ಗದಗಿನಲ್ಲಿರುವ ನನ್ನ ತಂಗಿಯ ಮಗನು ಹೀಗೆ ಕಟ್ಟಿಕೊಂಡವರಲ್ಲಿ ಒಬ್ಬ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿದ ನನಗೂ ವಿದ್ಯುತ್ತಿಗೂ ದೀಪದ ಗುಂಡಿಯಿಂದಾಚೆಗೆ ಸಂಬಂಧವಿರಲಿಲ್ಲ. ಆದರೂ ಅವನು ತನ್ನ ಯಂತ್ರಕ್ಕೊಂದು ಸಂಪರ್ಕ ಫಲಕವನ್ನು, ಅಂದರೆ ಇಂಟರ್‌ಫೇಸ್ ಬೋರ್ಡನ್ನು, ರಚಿಸಲು ಹೊರಟಾಗ ನನ್ನನ್ನು ಕೂರಿಸಿಕೊಂಡನು. “ಮಾಮಾ, ಬೋರ್ಡಿನ ಮ್ಯಾಲಿನ ಹೆಸರೆಲ್ಲಾ ಕನ್ನಡದಾಗ ಇರಬೇಕು. ನಮ್ಮ ಹುಡುಗರು ಇಂಗ್ಲಿಷ್ ಓದಂಗಿಲ್ಲ. ನೀವು ಬರದುಕೊಡ್ರಿ” ಎಂದನು. ಅರ್ಥ ತಿಳಿಯದೆ ಶಬ್ದ ಕೊಡುವುದು ನಮ್ಮ ಸಂಪ್ರದಾಯವಲ್ಲ. ಆದುದರಿಂದ ನಾಲ್ಕು ತಿಂಗಳು ಆ ವಿದ್ಯೆಯನ್ನು ಅವನಿಂದ ಪಾಠ ಹೇಳಿಸಿಕೊಳ್ಳಬೇಕಾಯಿತು. ಸೋದರಮಾವನು ಶಿಷ್ಯನಾಗುವುದರಲ್ಲಿ ಅವನಿಗೊಂದು ಸಂತೋಷವಿದ್ದಂತೆಯೂ ತೋರಿತು.

ಈ ಫಲಕ ಬೇಕಾದದ್ದು ಏತಕ್ಕೆ? ಗಣಕವು ಮೋಟಾರನ್ನು ತಿರುಗಿಸುವುದಿಲ್ಲ. ತಿರುಗೆಂದು ಹೇಳುತ್ತದೆ, ಅಷ್ಟೆ. ಆ ಹೇಳಿಕೆಯು 5 ವೋಲ್ಟಿನ ದುರ್ಬಲ ಸಂಕೇತ. ಅದು ಫಲಕಕ್ಕೆ ಬಂದು, ಅಲ್ಲಿಂದ ಡ್ರೈವರ್ ಎಂಬ ಪೆಟ್ಟಿಗೆಗೆ ಹೋಗಿ, ಆ ಪೆಟ್ಟಿಗೆಯು ಮೋಟಾರಿಗೆ ಬೇಕಾದ ಬಲವಾದ ವಿದ್ಯುತ್ತನ್ನು ಕೊಡುತ್ತದೆ. ಈ ಮೋಟಾರುಗಳು ಹೆಜ್ಜೆ ಹೆಜ್ಜೆಯಾಗಿ ತಿರುಗತಕ್ಕವು. ಒಂದು ಸುತ್ತಿಗೆ 200 ಹೆಜ್ಜೆ. ಡ್ರೈವರು ಪ್ರತಿ ಹೆಜ್ಜೆಯನ್ನೂ ಎಂಟು ಭಾಗ ಮಾಡುವುದರಿಂದ ಸುತ್ತಿಗೆ 1600 ಸಂಕೇತಗಳು ಬೇಕು. ಮೋಟಾರಿನ ತಿರುಪು ಒಂದು ಸುತ್ತಿಗೆ 5 ಮಿಲಿಮೀಟರ್ ಸರಿಯುತ್ತದೆ. ಎಂದರೆ ಉಳಿಯು ಒಂದು ಮಿಲಿಮೀಟರ್ ಸರಿಯಲು 320 ಸಂಕೇತಗಳು. ಸೆಕೆಂಡಿಗೆ 40 ಮಿಲಿಮೀಟರ್ ವೇಗದಲ್ಲಿ ಓಡುವಾಗ 12,800. ಇವುಗಳಲ್ಲಿ ಕೆಲವು ಕಳೆದುಹೋದರೂ ಅಲ್ಲಿಂದ ಮುಂದಿನ ಕೆತ್ತನೆಯೆಲ್ಲ ಅಷ್ಟು ಪಕ್ಕಕ್ಕೆ ಜರುಗುತ್ತದೆ. ಸಾವಿರಾರು ರೂಪಾಯಿಯ ತೇಗದ ಹಲಗೆ ಒಲೆಗೆ ಸೌದೆಯಾಗುತ್ತದೆ.

ಹಲಗೆ ಕೆಟ್ಟರೆ ಇನ್ನೊಂದನ್ನು ತರಬಹುದು. ತಂಗಿಯ ಮಗನು ತಾನೇ ಫಲಕವನ್ನು ರಚಿಸಲು ತೊಡಗಿದ್ದಕ್ಕೆ ಕಾರಣ ಬೇರೆಯೇ ಇತ್ತು. ಮೊದಲು ಅವನು ಪೇಟೆಯಲ್ಲಿ ಸಿಗುವ ಅಗ್ಗದ ಸಿದ್ಧ ಫಲಕವೊಂದನ್ನು ತಂದು ಜೋಡಿಸಿದ್ದನು. 2021ರ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂದಿತು. ಹುಡುಗನೊಬ್ಬನು ಗಣಕದ ಗುಂಡಿಯನ್ನೊತ್ತಿದನು. ಗಣಕವು ಇನ್ನೂ ಎಚ್ಚರಗೊಳ್ಳುತ್ತಿರುವಾಗಲೇ, ಯಾವ ಆಜ್ಞೆಯೂ ಇಲ್ಲದೆ, ಕೊರೆಯುವ ರೂಟರು ತಿರುಗತೊಡಗಿತು. ಮತ್ತೊಬ್ಬ ಹುಡುಗನು ಆಗ ಅದರ ಕೆಳಗಿನ ಹೊಟ್ಟನ್ನು ಕೈಯಿಂದ ಒರೆಸುತ್ತಿದ್ದನು. ಬೆರಳ ತುದಿಯ ಚರ್ಮ ಹರಿಯಿತು, ಬೆರಳು ಉಳಿಯಿತು. ಆ ರಾತ್ರಿ ನನ್ನ ತಂಗಿ ಊಟ ಮಾಡಲಿಲ್ಲ. ಯಂತ್ರವನ್ನು ಮಾರಿಬಿಡೆಂದು ಮಗನಿಗೆ ಹಟ ಹಿಡಿದಳು. ಆ ಯಂತ್ರದ ಮೇಲೆ ಮೂರು ಮನೆಗಳ ಒಲೆ ಉರಿಯುತ್ತಿತ್ತು. ಗಾಯಗೊಂಡ ಹುಡುಗನ ಮನೆಯೂ ಅವುಗಳಲ್ಲಿ ಒಂದು.

ಹಾಗಾದದ್ದಕ್ಕೆ ಕಾರಣವಿಷ್ಟು. ಹವ್ಯಾಸಿಗಳು ಯಂತ್ರಕ್ಕೆ ಬಳಸುತ್ತ ಬಂದ ಗಣಕದ ಕಿಂಡಿಯು ಮೂಲತಃ ಮುದ್ರಣಯಂತ್ರಕ್ಕಾಗಿ ಇದ್ದದ್ದು. 1981ರ ಐಬಿಎಂ ಗಣಕದ ಕಾಲದಿಂದ ಬಳಕೆಗೆ ಬಂದ ಈ ಪ್ಯಾರಲಲ್ ಪೋರ್ಟಿನಲ್ಲಿ 25 ಪಿನ್ನುಗಳು. ಅವುಗಳಲ್ಲಿ 8 ಸೊನ್ನೆ ವೋಲ್ಟಿನವು, 12 ಹೊರಹೋಗುವವು, 5 ಒಳಬರುವವು. ಹೊರಹೋಗುವ ಹನ್ನೆರಡರಲ್ಲಿ ಮೂರು ಮೋಟಾರುಗಳಿಗೆ ತಲಾ ಎರಡು, ಒಂದು ಹೆಜ್ಜೆಗೆ, ಒಂದು ದಿಕ್ಕಿಗೆ. ರೂಟರನ್ನು ಹೊತ್ತಿಸುವ ರಿಲೇಗೆ ಇನ್ನೊಂದು. ಗಣಕವು ಎಚ್ಚರಗೊಳ್ಳುವ ಕ್ಷಣಗಳಲ್ಲಿ ಈ ಪಿನ್ನುಗಳ ಮೇಲೆ ಯಾವ ಸಂಕೇತವಿರುತ್ತದೆಂಬುದಕ್ಕೆ ನಂಬತಕ್ಕ ನಿಯಮವಿಲ್ಲ. ಮುದ್ರಣಯಂತ್ರವಾಗಿದ್ದರೆ ಹೆಚ್ಚೆಂದರೆ ಒಂದು ಹಾಳೆ ಕೆಡುತ್ತಿತ್ತು. ಸಂಕೇತವನ್ನು ದಾಟಿಸುವುದು ಸುಲಭದ ಕೆಲಸ, ಯಾವ ತಂತಿಯೂ ಮಾಡೀತು. ಗಣಕವು ಪ್ರಜ್ಞೆ ತಪ್ಪಿದಾಗ, ಅಥವಾ ಪ್ರಜ್ಞೆ ಬರುವ ಮೊದಲು, ಏನಾಗಬೇಕೆಂಬುದನ್ನು ನಿರ್ಣಯಿಸುವುದೇ ಫಲಕವನ್ನು ರಚಿಸುವವನ ನಿಜವಾದ ಕೆಲಸವೆಂದು ನನಗೆ ಅಂದು ಮನವರಿಕೆಯಾಯಿತು.

ಇದಕ್ಕೆ ಅವನು ಮಾಡಿದ ಉಪಾಯವನ್ನು ಬಲ್ಲವರು ಚಾರ್ಜ್ ಪಂಪ್ ಎನ್ನುತ್ತಾರೆ. ಗಣಕದೊಳಗಿನ ನಿಯಂತ್ರಣ ತಂತ್ರಾಂಶವು ಸರಿಯಾಗಿ ನಡೆಯುತ್ತಿರುವವರೆಗೆ ಒಂದು ಪಿನ್ನಿನ ಮೇಲೆ ಸೆಕೆಂಡಿಗೆ ಸಾವಿರಾರು ಬಾರಿ ಏರಿಳಿಯುವ ಸಂಕೇತವನ್ನು ಕಳಿಸುತ್ತಿರುತ್ತದೆ. ನಮ್ಮ ಹಿರಿಯರು ಏತದಿಂದ ನೀರೆತ್ತುತ್ತಿದ್ದುದನ್ನು ನೆನೆಯಿರಿ. ಏತವು ಮೇಲಕ್ಕೇ ನಿಂತರೂ ನೀರಿಲ್ಲ, ಕೆಳಕ್ಕೇ ನಿಂತರೂ ನೀರಿಲ್ಲ. ಏರಿಳಿಯುತ್ತಿದ್ದರೆ ಮಾತ್ರ ನೀರು. ಎತ್ತಿದ ನೀರನ್ನು ತಳದಲ್ಲಿ ಸಣ್ಣ ತೂತಿರುವ ಗಡಿಗೆಗೆ ಸುರಿಯುತ್ತಿದ್ದೇವೆಂದು ಭಾವಿಸೋಣ. ಫಲಕದ ಮೇಲೆ ಆ ಗಡಿಗೆಯೇ ಕೆಪಾಸಿಟರ್ ಎಂಬ ಪುಟ್ಟ ವಸ್ತು. ಅದು ತುಂಬಿರುವವರೆಗೆ ರೂಟರಿನ ರಿಲೇಗೂ ಮೋಟಾರುಗಳಿಗೂ ಅಪ್ಪಣೆಯುಂಟು. ಏತ ನಿಂತೊಡನೆ, ಕಣ್ಣೆವೆಯಿಕ್ಕುವಷ್ಟರಲ್ಲಿ ಗಡಿಗೆ ಬರಿದಾಗುತ್ತದೆ, ಎಲ್ಲವೂ ನಿಲ್ಲುತ್ತದೆ. ಗಣಕವು ಸತ್ತರೂ, ಹೆಪ್ಪುಗಟ್ಟಿದರೂ, ಅರೆನಿದ್ದೆಯಲ್ಲಿ ಯಾವುದೋ ಪಿನ್ನನ್ನು ಎತ್ತಿ ಹಿಡಿದರೂ ಯಂತ್ರಕ್ಕೆ ಜೀವ ಬಾರದು. ಇದರ ದೀಪಕ್ಕೆ ನಾನು “ನಾಡಿ” ಎಂದು ಹೆಸರಿಟ್ಟೆ. ಈಗ ವರ್ಕ್‌ಶಾಪಿನ ಹುಡುಗರು ದೀಪ ಆರಿದ್ದರೆ “ನಾಡಿ ಇಲ್ರಿ” ಎನ್ನುತ್ತಾರೆ.

ಎಲ್ಲ ಶಬ್ದಗಳೂ ಇಷ್ಟು ಸುಲಭವಾಗಿ ಒದಗಲಿಲ್ಲ. ಫಲಕದ ಮಧ್ಯದಲ್ಲಿ ತಾಮ್ರವೇ ಇಲ್ಲದ ಒಂದು ಪಟ್ಟಿಯನ್ನು ಅವನು ಬಿಟ್ಟಿದ್ದಾನೆ. ಒಂದು ದಂಡೆ ಗಣಕದ್ದು, ಇನ್ನೊಂದು ಯಂತ್ರದ್ದು. ಅವೆರಡರ ನಡುವೆ ಸಂಕೇತವನ್ನು ಆಪ್ಟೋಕಪ್ಲರ್ ಎಂಬ ಚಿಪ್ಪುಗಳು ದಾಟಿಸುತ್ತವೆ. ಒಳಗೆ ಈಚೆಗೊಂದು ಚಿಕ್ಕ ದೀಪ, ಆಚೆಗೆ ಬೆಳಕನ್ನು ಗುರುತಿಸುವ ಕಣ್ಣು. ಬೆಳಕು ದಾಟುತ್ತದೆ, ವಿದ್ಯುತ್ತು ದಾಟುವುದಿಲ್ಲ. ಯಂತ್ರದ ಕಡೆ ಏನೇ ಸಿಡಿದರೂ ಗಣಕಕ್ಕೂ ಅದನ್ನು ಮುಟ್ಟಿಕೊಂಡಿರುವ ಕೈಗೂ ಅಪಾಯವಾಗಬಾರದೆಂಬುದು ಉದ್ದೇಶ. ಹೆಜ್ಜೆಯ ಸಂಕೇತಗಳಿಗೆ ವೇಗವುಳ್ಳ 6ಎನ್137 ಎಂಬುದನ್ನೂ, ನಿಧಾನವಾದ ಸ್ವಿಚ್ಚುಗಳಿಗೆ ಅಗ್ಗದ ಪಿಸಿ817 ಎಂಬುದನ್ನೂ ಬಳಸಿದ್ದಾನೆ. ಆದರೆ ಎರಡು ದಂಡೆಗಳ ಸೊನ್ನೆ ವೋಲ್ಟಿನ ತಂತಿಗಳನ್ನು ಯಾರಾದರೂ ಒಂದುಗೂಡಿಸಿದರೆ ಈ ಏರ್ಪಾಟೆಲ್ಲ ವ್ಯರ್ಥ. ಇಂಗ್ಲಿಷಿನಲ್ಲಿ ಎರಡಕ್ಕೂ ಗ್ರೌಂಡ್ ಎಂದೇ ಹೆಸರು. ಅದನ್ನು “ಭೂಮಿ” ಎಂದು ಬರೆದರೆ ಹುಡುಗರು ಅರ್ಥಿಂಗ್ ಎಂದು ತಿಳಿದು ಎರಡನ್ನೂ ಗೂಟಕ್ಕೆ ಕಟ್ಟುವರು. “ಗಣಕದ ಸೊನ್ನೆ”, “ಯಂತ್ರದ ಸೊನ್ನೆ” ಎಂದು ಬರೆದೆ. ಅದನ್ನೋದಿದ ಹಿರಿಯ ಬಡಗಿಯೊಬ್ಬರು, “ಸೊನ್ನಿಗೆ ಸೊನ್ನಿ ಕೂಡಿಸಿದರ ಸೊನ್ನೀನ ಅಲ್ಲೇನ್ರಿ?” ಎಂದು ಕೇಳಿದರು. ಗಣಿತದಲ್ಲಿ ಅವರ ಮಾತು ಸರಿ! ಕೊನೆಗೆ ಒಂದಕ್ಕೆ ನೀಲಿ, ಇನ್ನೊಂದಕ್ಕೆ ಕಪ್ಪು ಬಣ್ಣವನ್ನೂ, ನಡುವಣ ಪಟ್ಟಿಯ ಉದ್ದಕ್ಕೂ “ಕೂಡಿಸಬಾರದು” ಎಂಬ ಬರಹವನ್ನೂ ಸೇರಿಸಲಾಯಿತು.

ಇನ್ನೊಂದು ಶಬ್ದ ಇದಕ್ಕಿಂತ ಅಪಾಯಕರ. ಉಳಿಯು ಮಿತಿ ಮೀರಿ ಸರಿಯದಂತೆ ಪ್ರತಿ ಕೊನೆಯಲ್ಲೂ ಒಂದೊಂದು ಸ್ವಿಚ್ಚಿರುತ್ತದೆ. ಅದರ ಮೇಲೆ ಎನ್‌ಓ, ಎನ್‌ಸಿ ಎಂಬ ಎರಡು ಗುರುತುಗಳು: ಓಪನ್ ಮತ್ತು ಕ್ಲೋಸ್ಡ್. ಕನ್ನಡದಲ್ಲಿ ಬಾಗಿಲು ಮುಚ್ಚಿದೆ, ಅಂಗಡಿ ಬಂದಾಗಿದೆ ಎಂದರೆ ವ್ಯವಹಾರ ನಿಂತಿದೆಯೆಂದೇ ಅರ್ಥ. ವಿದ್ಯುತ್ತಿನಲ್ಲಿಯೋ ಕ್ಲೋಸ್ಡ್ ಎಂದರೆ ದಾರಿ ಕೂಡಿದೆ, ವಿದ್ಯುತ್ತು ಹರಿಯುತ್ತಿದೆ ಎಂದು. ನೇರವಾಗಿ ಭಾಷಾಂತರಿಸಿದ್ದರೆ ಹುಡುಗರು ತಂತಿಯನ್ನು ತಿರುವುಮುರುವಾಗಿ ಜೋಡಿಸುತ್ತಿದ್ದರು. “ಕೂಡಿದ್ದು”, “ಬಿಟ್ಟದ್ದು” ಎಂದು ಬರೆದುಕೊಟ್ಟೆ. ಸದಾ ಕೂಡಿದ್ದನ್ನೇ ಬಳಸಬೇಕು. ಹಾಗಿದ್ದರೆ ಸ್ವಿಚ್ಚು ಒತ್ತಿದಾಗಲೂ, ಇಲಿ ತಂತಿಯನ್ನು ಕಡಿದಾಗಲೂ ದಾರಿ ಮುರಿದು ಯಂತ್ರ ನಿಲ್ಲುತ್ತದೆ. ಬಿಟ್ಟದ್ದನ್ನು ಬಳಸಿದರೆ ಇಲಿ ಕಡಿದದ್ದು ಯಾರಿಗೂ ತಿಳಿಯದು.

ಈ ಸ್ವಿಚ್ಚುಗಳು ಸುಳ್ಳು ಹೇಳಲೂಬಾರದು. ರೂಟರಿನೊಳಗೆ ಹಾರುವ ಕಿಡಿಗಳ ಗದ್ದಲವು ಉದ್ದನೆಯ ತಂತಿಗಳಿಗೆ ತಾಗಿ, ಒತ್ತದೆಯೇ ಒತ್ತಿದಂತಾಗುವುದುಂಟು. ದಿನಕ್ಕೆ ನಾಲ್ಕು ಸಲ ಸುಮ್ಮನೆ ನಿಂತುಹೋಗುವ ಯಂತ್ರವನ್ನು ಯಾರೂ ಸಹಿಸರು. ಕೆಲಸಗಾರರು ತುಂಡು ತಂತಿಯೊಂದನ್ನು ಕಟ್ಟಿ ಆ ಸ್ವಿಚ್ಚಿನ ಬಾಯಿ ಮುಚ್ಚಿಸಿಬಿಡುತ್ತಾರೆ. ಹಾಗಾಗದಂತೆ ಸ್ವಿಚ್ಚುಗಳಿಗೆ 5ರ ಬದಲು 24 ವೋಲ್ಟನ್ನು ಕೊಟ್ಟು, ಒಂದು ಮಿಲಿಸೆಕೆಂಡಿನಷ್ಟು ತಾಳ್ಮೆಯ ಸೋಸುವ ಜೋಡಣೆಯನ್ನು ಫಲಕದ ಮೇಲಿರಿಸಿದ್ದಾನೆ.

ಕೊನೆಯದು ಕೆಂಪು ಗುಂಡಿ. ಹಳದಿ ಹಿನ್ನೆಲೆಯ ಮೇಲಿನ ಅಣಬೆಯಾಕಾರದ ಆ ಗುಂಡಿಯು ಗಣಕಕ್ಕೆ ವಿನಂತಿ ಮಾಡಿಕೊಳ್ಳತಕ್ಕದ್ದಲ್ಲ. ಅದು ನೇರವಾಗಿ ಮೋಟಾರುಗಳ ಹಾಗೂ ರೂಟರಿನ ವಿದ್ಯುತ್ತನ್ನೇ ಕಡಿಯಬೇಕು. ಗಣಕಕ್ಕೆ ಆಮೇಲೆ ಸುದ್ದಿ ಹೋದರೆ ಸಾಕು. ಗುಂಡಿಯನ್ನು ಮೇಲಕ್ಕೆತ್ತಿದ ಮಾತ್ರಕ್ಕೆ ಯಂತ್ರ ಮತ್ತೆ ಚಾಲೂ ಆಗಲೂಬಾರದು. ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಕರೆಂಟು ಹೋಗಿ ಬಂದರೆ ರೈತನು ಹೋಗಿ ಹಸಿರು ಗುಂಡಿಯನ್ನೊತ್ತುವವರೆಗೆ ಅದು ಸುಮ್ಮನಿರುತ್ತದೆ. (ಆಟೋ ಸ್ಟಾರ್ಟರ್ ಹಾಕಿಸಿಕೊಂಡವರ ಮಾತು ಬೇರೆ, ಬಾವಿಯ ಮೋಟಾರಿನ ಕೆಳಗೆ ಯಾರೂ ಕೈಯಿಡುವುದಿಲ್ಲ.)

ಫಲಕ ಸಿದ್ಧವಾಗಿ ಬಂದ ದಿನ ನನ್ನ ತಂಗಿ ವರ್ಕ್‌ಶಾಪಿಗೆ ಬಂದಳು. ಮಗನು ಕೆತ್ತಿ ತೋರಿಸಿದ ಹಂಸವನ್ನು ಅವಳು ನೋಡಲೂ ಇಲ್ಲ. “ಕರೆಂಟು ಹೋಗಿ ಬಂದರ?” ಎಂದು ಕೇಳಿದಳು. ಅವನು ಯಂತ್ರ ಓಡುತ್ತಿರುವಾಗಲೇ ಮೇನ್ ಸ್ವಿಚ್ಚನ್ನು ಇಳಿಸಿ, ಮತ್ತೆ ಏರಿಸಿ, ಗಣಕವನ್ನು ಹೊತ್ತಿಸಿದನು. ಯಂತ್ರ ಸುಮ್ಮನಿತ್ತು. ಅವಳು ಇನ್ನೊಮ್ಮೆ ಮಾಡಿಸಿದಳು. ಮೂರನೆಯ ಸಲ ಸ್ವಿಚ್ಚನ್ನು ತಾನೇ ಇಳಿಸಿದಳು. ಆ ಬಳಿಕ ಮಾರುವ ಮಾತು ಮನೆಯಲ್ಲಿ ಎದ್ದಿಲ್ಲ. ಬೆರಳಿಗೆ ಗಾಯವಾಗಿದ್ದ ಹುಡುಗನು ಅಲ್ಲಿಯೇ ಕೆಲಸದಲ್ಲಿದ್ದಾನೆ.

ಈಗ ಎರಡನೆಯ ಫಲಕದ ರಚನೆ ನಡೆದಿದೆ. ಹೊಸ ಗಣಕಗಳಲ್ಲಿ ಆ 25 ಪಿನ್ನುಗಳ ಕಿಂಡಿಯೇ ಸಾಮಾನ್ಯವಾಗಿ ಇರುವುದಿಲ್ಲ. ಯುಎಸ್‌ಬಿಯಿಂದ ಅದಕ್ಕೆ ಬದಲಾಯಿಸುವ ತಂತಿಗಳು ಮುದ್ರಣಕ್ಕೆ ಸಾಕಾದರೂ ಸಂಕೇತಗಳ ಕಾಲವನ್ನು ಕಾಯಲಾರವು. ಹಳೆಯ ಗಣಕಗಳನ್ನು ಗುಜರಿಯಿಂದ ಹುಡುಕಿ ತರುವುದು ಎಷ್ಟು ದಿನ? 2009ರಲ್ಲಿ ಆರಂಭವಾದ ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶವು ಈ ಕಾಲಗಣನೆಯನ್ನು ಆರ್ಡುಯಿನೋ ಎಂಬ ಅಂಗೈಯಗಲದ ಫಲಕಕ್ಕೇ ಒಪ್ಪಿಸಿತು. ತಂಗಿಯ ಮಗನು ಈಥರ್‌ನೆಟ್ಟಿನ ದಾರಿ ಹಿಡಿದಿದ್ದಾನೆ. ಗಣಕದ ದಂಡೆಯೆಲ್ಲ ಬದಲಾಗುತ್ತದೆ. ಯಂತ್ರದ ದಂಡೆ, ನಾಡಿ, ಎರಡು ಸೊನ್ನೆಗಳು, ಕೆಂಪು ಗುಂಡಿ ಇದ್ದಂತೆಯೇ ಉಳಿಯುತ್ತವೆ. ಕಳೆದ ವಾರ ಹೊಸ ಹೆಸರುಗಳ ಪಟ್ಟಿ ಬಂದಿತು. ಈಥರ್‌ನೆಟ್ ಎಂಬುದನ್ನು ಹಾಗೆಯೇ ಇರಿಸಿದ್ದೇನೆ. ಹಲಗೆಯ ಮೇಲ್ಮೈಯನ್ನು ಮುಟ್ಟಿ ಎತ್ತರವನ್ನು ತಿಳಿಯುವ ಪ್ರೋಬಿಗೆ “ತಡಕು” ಎಂದು ಬರೆದು ಕಳಿಸಿದ್ದೇನೆ. ಹುಡುಗರು ಒಪ್ಪುವರೋ ಇಲ್ಲವೋ ನೋಡಬೇಕು.