ಕಡಲಿನಲ್ಲಿ ಕುಂಭಕ

ಮೈಸೂರಿನಲ್ಲಿ ಉಸಿರಾಟ ಕಲಿಸುವವರಿಗೆ ಎಂದೂ ಬರವಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆದಂದಿನಿಂದ, ಚಾಪೆಯ ಸುರುಳಿಯನ್ನು ಹೆಗಲಿಗೇರಿಸಿ ಗೋಕುಲದ ಬೀದಿಗಳಲ್ಲಿ ಎಳನೀರು ಕುಡಿಯುತ್ತ ನಿಂತಿರುವ ಇಂದಿನ ಪರದೇಶೀಯರವರೆಗೆ, ಮೂಗಿನ ಒಂದು ಹೊಳ್ಳೆಯನ್ನು ಮುಚ್ಚಿ ಇನ್ನೊಂದನ್ನು ತೆರೆಯುವ ವಿದ್ಯೆಯನ್ನರಸಿ ಈ ಊರಿಗೆ ಬಂದವರಿಗೆ ಲೆಕ್ಕವಿಲ್ಲ. ನಾನು ವಾಸಿಸುವ ದಟ್ಟಗಳ್ಳಿಯಲ್ಲಿಯೂ ಬೆಳಗಿನ ಹೊತ್ತು ಯಾವ ಪಾರ್ಕಿನ ಪಕ್ಕದಲ್ಲಿ ಹಾದರೂ ಕಪಾಲಭಾತಿಯ ಬುಸುಗುಡುವಿಕೆ ಕೇಳಿಬರದಿರದು. ಹೀಗಿರಲು, ಅರವತ್ತರ ಹೊಸ್ತಿಲಲ್ಲಿ ನಿಂತ ನಾನು ಬಂಗಾಳಕೊಲ್ಲಿಯ ನಡುವಣ ದ್ವೀಪವೊಂದಕ್ಕೆ ವಿಮಾನದ ಟಿಕೀಟು ತೆಗೆಸಿ, ಅಲ್ಲಿ ಫೀಸನ್ನೂ ತೆತ್ತು, ಉಸಿರು ಬಿಗಿಹಿಡಿಯುವುದನ್ನು ಕಲಿಯಲು ಹೊರಟೆನೆಂದಾಗ, ನೆರೆಮನೆಯ ನಿವೃತ್ತ ಇಂಜಿನಿಯರರು ಗಂಗೆಯ ತಡಿಯಲ್ಲಿ ಕುಳಿತು ಬಾವಿ ತೋಡಿದವನ ಕಥೆಯನ್ನು ನನಗೆ ಜ್ಞಾಪಿಸಿದ್ದು ಸಹಜವೇ ಆಗಿತ್ತು. “ಅಲ್ಲ ಸ್ವಾಮಿ, ಉಸಿರು ಕಟ್ಟೋದಕ್ಕೂ ದುಡ್ಡು ಕೊಡ್ತಾರೆಯೇ? ರಿಂಗ್ ರೋಡಿನಲ್ಲಿ ಲಾರಿಯ ಹಿಂದೆ ಸ್ಕೂಟರಿನಲ್ಲಿ ಹೋಗಿ, ಪುಕ್ಕಟೆಯಾಗಿ ಕಟ್ಟುತ್ತೆ” ಎಂದರು.

ಇದಕ್ಕೆಲ್ಲ ಕಾರಣಳು ನನ್ನ ತಂಗಿಯ ಮಗಳು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಈ ಹುಡುಗಿಗೆ ಫ್ರೀಡೈವಿಂಗ್ ಎಂಬ ಹುಚ್ಚು ಹಿಡಿದಿತ್ತು. ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಇಳಿಯುವುದು ಸ್ಕೂಬಾ. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಅದು ನಡೆಯುತ್ತದೆ. ಯಾವ ಉಪಕರಣದ ಗಾಳಿಯನ್ನೂ ನಂಬದೆ, ನೀರಿನ ಮೇಲೆ ಎಳೆದುಕೊಂಡ ಒಂದೇ ಉಸಿರನ್ನು ಬಂಡವಾಳವಾಗಿಟ್ಟುಕೊಂಡು ಮುಳುಗಿ, ಅದು ತೀರುವ ಮುನ್ನ ಮೇಲೆ ಬರುವುದು ಫ್ರೀಡೈವಿಂಗ್. ಅದರ ಮೊದಲ ದರ್ಜೆಯ ಕೋರ್ಸಿಗೆಂದು ಅವಳು ಅಂಡಮಾನಿನ ಹ್ಯಾವ್‌ಲಾಕಿಗೆ, ಎಂದರೆ 2018ರ ಕೊನೆಯಲ್ಲಿ ಸ್ವರಾಜ್ ದ್ವೀಪವೆಂದು ಮರುನಾಮಕರಣಗೊಂಡ ದ್ವೀಪಕ್ಕೆ, ಹೊರಟು ನಿಂತಾಗ, ಕಾವಲಿಗೆಂದು ತಂಗಿ ನನ್ನನ್ನು ಜೊತೆಮಾಡಿದಳು. ನಾನು ಮರಳಿನ ಮೇಲೆ ಕುಳಿತು ಪುಸ್ತಕ ಓದುವುದೆಂದೇ ನಿಶ್ಚಯವಾಗಿತ್ತು. ಆದರೆ ಮೊದಲ ಬೆಳಗ್ಗೆಯೇ ಆಕೆ, “ಮಾವ, ದಡದಲ್ಲಿ ಕೂತು ಕಾಫಿ ಕುಡಿಯೋದಾದರೆ ಇಷ್ಟು ದೂರ ಯಾಕೆ ಬರಬೇಕಿತ್ತು? ಲಿಂಗಾಂಬುಧಿ ಕೆರೆ ಸಾಲದಾಗಿತ್ತೆ?” ಎಂದಳು. ಮುಮ್ಮಡಿ ಕೃಷ್ಣರಾಜ ಒಡೆಯರು ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗಾಗಿ 1828ರಲ್ಲಿ ಕಟ್ಟಿಸಿದ ಆ ಕೆರೆಯ ಏರಿಯ ಮೇಲೆ ನಾನು ದಿನವೂ ಸುತ್ತುವವನಾದ್ದರಿಂದ ಮಾತು ನಾಟಿತು. ವೈದ್ಯರ ಪತ್ರವನ್ನು ತಂಗಿಯ ಕಣ್ಣು ತಪ್ಪಿಸಿ ಮೈಸೂರಿನಿಂದಲೇ ತಂದಿದ್ದೆನೆಂಬುದನ್ನು ಮಾತ್ರ ಅವಳಿಗೆ ಕಡೆಯವರೆಗೂ ಹೇಳಲಿಲ್ಲ.

ವಾಸ್ತವವಾಗಿ ಈ ವಿದ್ಯೆಯ ಪ್ರಥಮ ಪಾಠವನ್ನು ನಾನು ಬಾಲ್ಯದಲ್ಲಿಯೇ ನೋಡಿದ್ದೆ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ, ಕಾವೇರಿಯು ತನ್ನ ಸ್ವಭಾವವನ್ನು ಕ್ಷಣಕಾಲ ಮರೆತು ಪಡುವಣಕ್ಕೆ ತಿರುಗುವ ಆ ಸೋಪಾನಗಳಲ್ಲಿ, ನಮ್ಮ ತಾತ ಪರ್ವಕಾಲದ ಸ್ನಾನಕ್ಕೆ ಇಳಿಯುತ್ತಿದ್ದರು. ನೀರಿನಲ್ಲಿ ಪೂರ್ಣವಾಗಿ ಮುಳುಗಿ, ಪ್ರಾಣವನ್ನು ನಿರೋಧಿಸಿ, ಅಘಮರ್ಷಣ ಸೂಕ್ತವನ್ನು ಮೂರು ಸಲ ಮನಸ್ಸಿನಲ್ಲಿಯೇ ಆವರ್ತಿಸಬೇಕೆಂಬುದು ಶಾಸ್ತ್ರ. ಋಗ್ವೇದದ ಹತ್ತನೆಯ ಮಂಡಲದ ಈ ಸೂಕ್ತಕ್ಕೆ ಮೂರೇ ಋಕ್ಕುಗಳಾದುದರಿಂದ, ಒಟ್ಟು ಒಂಬತ್ತು ಋಕ್ಕುಗಳಾಗುವಷ್ಟು ಹೊತ್ತು ಮೂಗು ಹಿಡಿದು ಒಳಗಿರಬೇಕು. ಬೆನ್ನಿಗೆ ಸೋರೆಬುರುಡೆ ಕಟ್ಟಿಸಿಕೊಂಡು ಈಜು ಕಲಿಯುತ್ತಿದ್ದ ನಾವು ಹುಡುಗರು ಮೆಟ್ಟಿಲ ಮೇಲೆ ನಿಂತು ಬೆರಳೆಣಿಸುತ್ತಿದ್ದೆವು. ಎಣಿಕೆ ಐವತ್ತನ್ನು ದಾಟಿದಾಗ ಚಿಕ್ಕವನೊಬ್ಬನಿಗೆ ಅಳು ಬರುತ್ತಿತ್ತು. ತಾತ ಮೇಲೆ ಬಂದು ಜುಟ್ಟು ಹಿಂಡಿಕೊಳ್ಳುತ್ತ, ಏನೂ ಆಗದವರಂತೆ, ಪಂಚೆ ಎಲ್ಲಿ ಎಂದು ಕೇಳುತ್ತಿದ್ದರು. ಪಾಪಗಳು ಕಳೆದುವೋ ಇಲ್ಲವೋ ನಾನರಿಯೆ. ಆದರೆ ಮುಖವು ತಣ್ಣೀರಿನಲ್ಲಿ ಮುಳುಗಿ ಉಸಿರು ನಿಂತೊಡನೆಯೇ ನಾಡಿಯ ವೇಗ ತಾನಾಗಿ ತಗ್ಗುತ್ತದೆಯೆಂದೂ, ಕೈಕಾಲುಗಳ ರಕ್ತನಾಳಗಳು ಕುಗ್ಗಿ ಹೃದಯಕ್ಕೂ ಮಿದುಳಿಗೂ ರಕ್ತವನ್ನು ಉಳಿಸಿಕೊಡುತ್ತವೆಯೆಂದೂ, ಸೀಲ್ ಮತ್ತು ತಿಮಿಂಗಿಲಗಳಲ್ಲಿ ಕಾಣುವ ಈ ಗುಣ ಮನುಷ್ಯನಲ್ಲಿಯೂ ಅಲ್ಪಸ್ವಲ್ಪ ಉಳಿದಿದೆಯೆಂದೂ ಕೋರ್ಸಿನ ಮೊದಲ ದಿನ ಕೇಳಿದಾಗ, ನಮ್ಮ ತಾತನ ಪ್ರಶಾಂತ ಮುಖಕ್ಕೆ ಮಂತ್ರವಲ್ಲದೆ ಬೇರೊಂದು ಕಾರಣವೂ ಇದ್ದಿರಬೇಕೆಂದು ತೋರಿತು.

ನಮ್ಮ ಗುರು ನನ್ನ ಮಗನ ವಯಸ್ಸಿನವನು, ಮಿತಭಾಷಿ. ನೀರಿಗಿಳಿಸುವ ಮೊದಲು ನೆಲದ ಮೇಲೆಯೇ ಮಲಗಿಸಿ ಉಸಿರು ಹಿಡಿಸಿದನು. ಈ ದರ್ಜೆಯಲ್ಲಿ ತೇರ್ಗಡೆಯಾಗಲು ನೀರಿನ ಮೇಲೆ ಬೋರಲಾಗಿ ತೇಲುತ್ತ 2 ನಿಮಿಷ ಉಸಿರಾಡದೆ ಇರಬೇಕು. ಒಂದು ನಿಮಿಷ ಕಳೆಯುವಷ್ಟರಲ್ಲಿ ಎದೆ ಬಿರಿಯುವಂತಾಗಿ, ಹೊಟ್ಟೆಯ ಮೇಲ್ಭಾಗ ತನ್ನಷ್ಟಕ್ಕೆ ತಾನೇ ಹಾರತೊಡಗುತ್ತದೆ. ಪ್ರಾಣವಾಯು ಮುಗಿದೇಹೋಯಿತೆಂದು ನಾವು ಭಾವಿಸುತ್ತೇವೆ. ನಿಜವಾಗಿ ಮುಗಿದಿರುವುದಿಲ್ಲ, ರಕ್ತದಲ್ಲಿ ಕೂಡಿಕೊಳ್ಳುತ್ತಿರುವ ಇಂಗಾಲದ ಡೈಆಕ್ಸೈಡು ಬಾಗಿಲು ತಟ್ಟುತ್ತಿರುತ್ತದೆ, ಅಷ್ಟೆ. ಉಸಿರಿನ ಹಸಿವೆಂದು ನಾವು ಕರೆಯುವುದು ಬಹುಮಟ್ಟಿಗೆ ಗಾಳಿಯ ಅಭಾವದ ದುಃಖವಲ್ಲ, ಹೊರಹೋಗಬೇಕಾದುದು ಒಳಗೆ ಉಳಿದಿರುವುದರ ಕಿರಿಕಿರಿ. ಈ ಒಂದು ಸಂಗತಿಯನ್ನು ಕೇಳಿದ ಮೇಲೆ, ತಟ್ಟುವ ಸದ್ದಿಗೆ ಗಾಬರಿಯಾಗದೆ ಇನ್ನಷ್ಟು ಹೊತ್ತು ಕಾಯುವುದು ನನ್ನಂಥವನಿಗೂ ಸಾಧ್ಯವಾಯಿತು.

ಹೃದಯವನ್ನು ಹತೋಟಿಯಲ್ಲಿಡುವ ಮಾತು ಬಂದಾಗ ಮೈಸೂರಿನವನು ಸುಮ್ಮನಿರಲಾರ. 1935ರಲ್ಲಿ ತೆರೇಸ್ ಬ್ರಾಸ್ ಎಂಬ ಫ್ರೆಂಚ್ ವೈದ್ಯೆ ಹೃದಯದ ವಿದ್ಯುತ್‌ಸ್ಪಂದನವನ್ನು ಬರೆದುಕೊಳ್ಳುವ ಯಂತ್ರದೊಡನೆ ಭಾರತಕ್ಕೆ ಬಂದು ಯೋಗಿಗಳನ್ನು ಪರೀಕ್ಷಿಸಿದಳು; ಪರೀಕ್ಷೆಗೊಳಗಾದವರಲ್ಲಿ ಕೃಷ್ಣಮಾಚಾರ್ಯರೂ ಒಬ್ಬರು. ಅವರು ಹೃದಯವನ್ನೇ ನಿಲ್ಲಿಸಿ ತೋರಿಸಿದರೆಂಬ ಮಾತು ಯೋಗದ ಬಳಗದಲ್ಲಿ ಇಂದಿಗೂ ಬಳಕೆಯಲ್ಲಿದೆ. 1961ರಲ್ಲಿ ವೆಂಗರ್, ಬಾಗ್ಚಿ, ಆನಂದ್ ಎಂಬ ಮೂವರು ವಿಜ್ಞಾನಿಗಳು ಇನ್ನೊಮ್ಮೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದಾಗ ತಿಳಿದುಬಂದುದು ಬೇರೆ: ಉಸಿರು ಬಿಗಿದು ಎದೆಯೊಳಗಿನ ಒತ್ತಡವನ್ನು ಏರಿಸಿದಾಗ ಹೃದಯಕ್ಕೆ ಮರಳುವ ರಕ್ತ ಕುಗ್ಗಿ, ಮುಂಗೈಯ ನಾಡಿಯೂ ಎದೆಯ ಸದ್ದೂ ಅಡಗುತ್ತವೆ, ಯಂತ್ರದ ಲೇಖನಿ ಮಾತ್ರ ಬರೆಯುತ್ತಲೇ ಇರುತ್ತದೆ. ಇದರಿಂದ ಆಚಾರ್ಯರ ಹಿರಿಮೆಗೆ ಕುಂದೇನೂ ಇಲ್ಲವೆಂದು ನನ್ನ ಅಭಿಪ್ರಾಯ. ನಿಂತ ಹೃದಯಕ್ಕಿಂತ ಹೇಳಿದಂತೆ ಕೇಳುವ ಉಸಿರು ದೊಡ್ಡದು.

ಇನ್ನು ಕಡಲಿನ ಪಾಠ. ಡಿಂಗಿಯ ಮೇಲೆ ಬಿಗಿಯಾದ ರಬ್ಬರಿನ ಉಡುಪನ್ನು ಧರಿಸಿ ಬಿಸಿಲಿನಲ್ಲಿ ಕುಳಿತಾಗ ಮೈಯೆಲ್ಲ ಬೆವರಿನಿಂದ ತೊಯ್ದುಹೋಯಿತು. ವೈಶಂಪಾಯನ ಸರೋವರದಲ್ಲಿ ಜಲಮಂತ್ರದ ಬಲದಿಂದ ಅಡಗಿದ್ದ ದುರ್ಯೋಧನನಿಗೆ ಭೀಮನ ಆರ್ಭಟವನ್ನು ಕೇಳಿ ನೀರಿನ ನಡುವೆಯೇ ಬೆವರೊಡೆಯಿತೆಂದು ರನ್ನ ವರ್ಣಿಸಿದ್ದನ್ನು ಕನ್ನಡಿಗರೆಲ್ಲ ಬಲ್ಲರು. ನನಗೆ ನೀರಿಗಿಳಿಯುವ ಮೊದಲೇ ಆ ಭಾಗ್ಯ ಲಭಿಸಿತು. ಕೌರವೇಶ್ವರನು ನಮ್ಮ ಕೋರ್ಸಿಗೆ ಸೇರಿದ್ದರೆ ಖಂಡಿತವಾಗಿ ನಪಾಸಾಗುತ್ತಿದ್ದನು. ಕ್ರೋಧದಿಂದ ನಾಡಿ ಏರುತ್ತದೆ; ನಾಡಿ ಏರಿದರೆ ಇದ್ದ ಆಮ್ಲಜನಕ ಬೇಗ ವ್ಯಯವಾಗುತ್ತದೆ.

ತೇಲುವ ಬುರುಡೆಯೊಂದರಿಂದ ಬಿಳಿಯ ಹಗ್ಗ ನೇರವಾಗಿ ಕೆಳಗಿಳಿದಿತ್ತು. ತುದಿಯಲ್ಲಿ ಸೀಸದ ಭಾರ. ತಲೆ ಕೆಳಗಾಗಿ ಹಗ್ಗವನ್ನು ಕೈಯಿಂದ ಕೈಗೆ ಎಳೆದುಕೊಳ್ಳುತ್ತ ಇಳಿಯಬೇಕು. ಮೂರು ಮೀಟರು ಇಳಿಯುವಷ್ಟರಲ್ಲಿ ಕಿವಿಯೊಳಗೆ ಸೂಜಿಯಿಂದ ಒತ್ತಿದಂತಾಯಿತು. ನೀರಿನೊಳಗೆ ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರಿನಲ್ಲಿ ಶ್ವಾಸಕೋಶದ ಗಾಳಿ ಅರ್ಧ ಗಾತ್ರಕ್ಕೆ ಇಳಿಯುತ್ತದೆ. ಕಿವಿಯ ತಮಟೆಯ ಹಿಂದಿನ ಗಾಳಿಯೂ ಕುಗ್ಗಿ ತಮಟೆಯನ್ನು ಒಳಕ್ಕೆ ಸೆಳೆಯುತ್ತದೆ. ಮೂಗು ಹಿಡಿದು ಜೋರಾಗಿ ಊದಿ ಕಿವಿಗೆ ಗಾಳಿ ಕಳುಹಿಸುವ ಉಪಾಯಕ್ಕೆ ವಾಲ್ಸಾಲ್ವ ಎಂಬ ಇಟಲಿಯ ಅಂಗರಚನಾಶಾಸ್ತ್ರಜ್ಞನ ಹೆಸರಿದೆ; ಕಿವಿಯ ವಿಷಯವಾಗಿ ಅವನು ಗ್ರಂಥ ಬರೆದುದು 1704ರಲ್ಲಿ. ತಲೆಕೆಳಗಾದವನಿಗೆ ಅದು ಬಹುದೂರ ಒದಗುವುದಿಲ್ಲ. ಆದುದರಿಂದ ಇವರು ಕಲಿಸುವುದು ಫ್ರೆಂಜೆಲ್ ಎಂಬ ಜರ್ಮನ್ ವೈದ್ಯನು ಯುದ್ಧವಿಮಾನದ ಚಾಲಕರಿಗಾಗಿ ರೂಢಿಗೆ ತಂದ ಕ್ರಮ: ಗಂಟಲ ದ್ವಾರವನ್ನು ಮುಚ್ಚಿ, ಮೂಗು ಹಿಡಿದು, ನಾಲಿಗೆಯ ಹಿಂಭಾಗದಿಂದ ಬಾಯಿಯ ಗಾಳಿಯನ್ನು ಮೇಲಕ್ಕೆ ನೂಕುವುದು. ನಾಲಿಗೆಯ ಹಿಂಭಾಗ ಎಲ್ಲಿದೆಯೆಂಬುದೇ ಪರದೇಶದ ಸಹಪಾಠಿಗಳಿಗೆ ತಿಳಿಯದೆ ಅವರು ಕನ್ನಡಿ ಹಿಡಿದು ಪರದಾಡುತ್ತಿದ್ದರು. ಗುರುವು “ಕ ಎನ್ನಿ, ಆದರೆ ಸದ್ದು ಹೊರಡಕೂಡದು” ಎಂದೊಡನೆ ನನಗೆ ನಮ್ಮ ಪ್ರೈಮರಿ ಶಾಲೆಯ ಮೇಷ್ಟರು ಬೆತ್ತದ ತುದಿಯಿಂದ ತಮ್ಮ ಗಂಟಲನ್ನೇ ಮುಟ್ಟಿ ತೋರಿಸಿ ಕವರ್ಗವು ಕಂಠ್ಯವೆಂದು ಕಲಿಸಿದ್ದು ನೆನಪಾಯಿತು. ಕಿವಿ ಟಪ್ಪನೆ ತೆರೆಯಿತು. ವರ್ಣಮಾಲೆಯು ಸಮುದ್ರದಡಿಯಲ್ಲಿ ಉಪಯೋಗಕ್ಕೆ ಬರುವುದೆಂದು ಆ ಮೇಷ್ಟರು ಊಹಿಸಿದ್ದಿರಲಾರರು.

ಹಾಗೆಂದು ನಾನೇನೂ ಪಾತಾಳವನ್ನು ಕಂಡುಬರಲಿಲ್ಲ. ತಂಗಿಯ ಮಗಳು 16 ಮೀಟರಿನ ಗುರುತನ್ನು ಮುಟ್ಟಿ ಬಂದಳು. 8 ಮೀಟರಿನಲ್ಲಿ ನನ್ನ ಎಡಗಿವಿ ಸಾಕೆಂದಿತು. “ನೋವನ್ನು ಗೆಲ್ಲುವುದು ಇಲ್ಲಿಯ ಪಾಠವಲ್ಲ ಸರ್, ತಿರುಗಿ ಬರುವುದು ಪಾಠ” ಎಂದ ಗುರುವಿನ ಮಾತಿಗೆ ನಾನು ಮನಃಪೂರ್ವಕ ವಿಧೇಯನಾದೆ.

ಬಿಡುವಿನ ಹೊತ್ತಿನಲ್ಲಿ ಮರಳಿನ ಮೇಲೆ ಕುಳಿತಾಗ ಮನಸ್ಸು ನಮಗಿಂತ ಮುಂಚೆ ಮುಳುಗಿದವರ ಕಡೆಗೆ ಹರಿಯಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತಾಮ್ರಪರ್ಣಿಯ ಮುತ್ತಿಗೆ ಗೌರವದ ಸ್ಥಾನವಿದೆ. ಆ ಮುತ್ತನ್ನು ತೆಗೆಯಲು ಮನ್ನಾರ್ ಕೊಲ್ಲಿಯಲ್ಲಿ ಮನುಷ್ಯನು ಕಲ್ಲಿಗೆ ಕಟ್ಟಿದ ಹಗ್ಗದಲ್ಲಿ ಕಾಲಿಟ್ಟು ಸರ್ರನೆ ತಳಕ್ಕಿಳಿದು, ನಿಮಿಷದೊಳಗೆ ಚಿಪ್ಪುಗಳನ್ನು ಬಾಚಿ ಬುಟ್ಟಿಗೆ ತುಂಬಿ, ಹಗ್ಗ ಜಗ್ಗಿ ಮೇಲೇರುತ್ತಿದ್ದನು. ಮೀನುಗಳು ಇವನನ್ನು ಕಚ್ಚದಂತೆ ಮಂತ್ರ ಹಾಕುವವರಿಗೆ ಸಿಕ್ಕಿದ್ದರಲ್ಲಿ ಇಪ್ಪತ್ತರಲ್ಲೊಂದು ಪಾಲು ಸಲ್ಲುತ್ತಿತ್ತೆಂದು ಮಾರ್ಕೊ ಪೋಲೋ ಬರೆದಿದ್ದಾನೆ. ಮೈ ನೆನೆಯದೆ ಪಾಲು ಪಡೆಯುವ ವಿದ್ಯೆ ಬಹು ಪ್ರಾಚೀನವೆಂದಾಯಿತು. ನಮ್ಮ ಕಾವ್ಯಗಳಲ್ಲಿ ಮುತ್ತಿನ ಹಾರಗಳಿಗೆ ಮಿತಿಯಿಲ್ಲ, ಸ್ವಾತಿಯ ಮಳೆಹನಿ ಚಿಪ್ಪಿನಲ್ಲಿ ಬಿದ್ದು ಮುತ್ತಾಗುವ ಕಲ್ಪನೆಗೂ ಕೊರತೆಯಿಲ್ಲ. ಆ ಚಿಪ್ಪನ್ನು ಮೇಲೆ ತಂದವನ ಕಿವಿಯಿಂದ ಸುರಿದ ರಕ್ತದ ಪ್ರಸ್ತಾಪವನ್ನು, ನಾನು ಓದಿರುವ ಮಟ್ಟಿಗೆ, ಎಲ್ಲಿಯೂ ಕಂಡಿಲ್ಲ.

ಪಂಡಿತರೂ ಕವಿಗಳಿಗಿಂತ ಹೆಚ್ಚು ಕಣ್ಣು ತೆರೆದವರಲ್ಲ. 1949ರಲ್ಲಿ ರೈಮೊಂದೊ ಬೂಕರ್ ಎಂಬ ಇಟಲಿಯ ವಾಯುಪಡೆಯ ಅಧಿಕಾರಿ ಒಂದೇ ಉಸಿರಿನಲ್ಲಿ 30 ಮೀಟರ್ ಇಳಿಯುತ್ತೇನೆಂದಾಗ, ಎದೆಗೂಡು ಜಜ್ಜಿಹೋಗುವುದೆಂದು ಶರೀರಶಾಸ್ತ್ರಜ್ಞರು ಎಚ್ಚರಿಸಿದರಂತೆ. ಆದರೆ 1913ರಲ್ಲಿಯೇ, ಹಾಜಿ ಸ್ತಾತಿ ಎಂದು ಖ್ಯಾತನಾದ ಗ್ರೀಕ್ ಸ್ಪಂಜು ತೆಗೆಯುವವನೊಬ್ಬನು, ಇಟಲಿಯದೇ ಯುದ್ಧನೌಕೆಯೊಂದರ ಕಳೆದುಹೋದ ಲಂಗರನ್ನು 70 ಮೀಟರಿಗೂ ಮಿಗಿಲಾದ ಆಳದಲ್ಲಿ ಹುಡುಕಿ ಅದಕ್ಕೆ ಹಗ್ಗ ಕಟ್ಟಿ ಬಂದಿದ್ದನು! ಹೊಟ್ಟೆಪಾಡಿಗಾಗಿ ಮುಳುಗುವವನ ಸಾಧನೆ ಲೆಕ್ಕಕ್ಕೆ ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಅನಂತರ 1976ರಲ್ಲಿ, ಯೋಗಾಭ್ಯಾಸಿಯೂ ಆಗಿದ್ದ ಜಾಕ್ ಮಾಯೊಲ್ ಎಲ್ಬಾ ದ್ವೀಪದ ಬಳಿ 100 ಮೀಟರನ್ನು ಮುಟ್ಟಿದನು; ಆಮೇಲಿನ ದಾಖಲೆಗಳ ಪಟ್ಟಿ ಉದ್ದವಾಗಿದೆ, ನನಗೆ ಅದರಲ್ಲಿ ಆಸಕ್ತಿ ಕಡಿಮೆ. ಕೊರಿಯದ ಜೇಜು ದ್ವೀಪದಲ್ಲಿ ನನಗಿಂತ ಹಿರಿಯರಾದ ಅಜ್ಜಿಯರು ಇಂದಿಗೂ ಗುಂಪಾಗಿ ಮುಳುಗಿ ಚಿಪ್ಪು ತರುತ್ತಾರೆ. 2016ರಲ್ಲಿ ಯುನೆಸ್ಕೊ ಅವರ ಸಂಪ್ರದಾಯವನ್ನು ಮಾನವಕುಲದ ಪರಂಪರೆಯೆಂದು ಮನ್ನಿಸಿತು. ನಮ್ಮ ಕರಾವಳಿಯಲ್ಲಿ ಬಂಡೆಗಳಿಂದ ಪಚ್ಚಿಲೆ ಕೀಳುವವರನ್ನು ಯಾರೂ ಇನ್ನೂ ಮನ್ನಿಸಿದಂತೆ ಕಾಣೆ. ಮುಳುಗು ತಜ್ಞರೆಂದು ನಮ್ಮ ಪತ್ರಿಕೆಗಳಲ್ಲಿ ಒಬ್ಬರ ಹೆಸರು ಬಂದಿತೆಂದರೆ ಎಲ್ಲಿಯೋ ಸಾವು ಸಂಭವಿಸಿದೆಯೆಂದೇ ಅರ್ಥ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದಾಗ, ಕೆಂಪಗೆ ಉಕ್ಕುತ್ತಿದ್ದ ಗಂಗಾವಳಿಗೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ ಈಶ್ವರ ಮಲ್ಪೆಯವರನ್ನು ಟಿ.ವಿ.ಯಲ್ಲಿ ಕಂಡಾಗ, ಆಟಕ್ಕೆಂದು ನೀಲಿಯ ನೀರಿಗಿಳಿದು ಬಂದ ನಾವು ಕಲಿತದ್ದು ಎಷ್ಟು ಅಲ್ಪವೆಂದು ಅನ್ನಿಸದಿರದು.

ಆ ಅಲ್ಪದಲ್ಲಿಯೂ ಒಂದು ಭಾಗ ಮಾತ್ರ ಎಲ್ಲರಿಗೂ ತಿಳಿದಿರಬೇಕಾದ್ದು. ಮುಳುಗುವ ಮೊದಲು ಜೋರು ಜೋರಾಗಿ ಹತ್ತಾರು ಸಲ ಉಸಿರೆಳೆದು ಬಿಟ್ಟರೆ ಹೆಚ್ಚು ಹೊತ್ತು ಒಳಗಿರಬಹುದೆಂಬ ನಂಬಿಕೆ ನಮ್ಮ ಹುಡುಗರಲ್ಲಿ ಬಹಳ ಹಳೆಯದು. ಹೆಚ್ಚು ಹೊತ್ತು ಇರಬಹುದು, ನಿಜ; ಆದರೆ ಹಾಗೆ ಮಾಡಿದಾಗ ಆಮ್ಲಜನಕವೇನೂ ಗಣನೀಯವಾಗಿ ಹೆಚ್ಚುವುದಿಲ್ಲ, ಇಂಗಾಲದ ಡೈಆಕ್ಸೈಡು ಮಾತ್ರ ಕಡಿಮೆಯಾಗುತ್ತದೆ. ಎಂದರೆ ಬಾಗಿಲು ತಟ್ಟುವ ಆಳನ್ನೇ ಮನೆಗೆ ಕಳುಹಿಸಿದಂತಾಯಿತು. ಎಚ್ಚರಿಕೆ ಬರುವ ಮೊದಲೇ ಆಮ್ಲಜನಕ ಮುಗಿದು, ಯಾವ ಸಂಕಟವೂ ತೋರದೆ ಪ್ರಜ್ಞೆ ತಪ್ಪುತ್ತದೆ. ಅದೂ ಬಹುತೇಕ ಮೇಲೇರುವಾಗಿನ ಕಡೆಯ ಕೆಲವು ಮೀಟರುಗಳಲ್ಲಿ, ಒತ್ತಡ ಇಳಿದಂತೆ ರಕ್ತಕ್ಕೆ ದಕ್ಕುವ ಆಮ್ಲಜನಕವೂ ಇಳಿಯುವಾಗ, ಅಥವಾ ತಲೆ ನೀರಿನ ಮೇಲೆ ಬಂದ ಅನಂತರ. ಫ್ರೀಡೈವಿಂಗ್‌ನಲ್ಲಿ ವಿಶ್ವವಿಖ್ಯಾತಳಾದ ನತಾಲಿಯ ಮೊಲ್ಚನೋವ 2015ರಲ್ಲಿ ಸ್ಪೇನಿನ ಫೊರ್ಮೆಂಟೆರ ದ್ವೀಪದ ಬಳಿ ಮುಳುಗಿದವಳು ಮತ್ತೆ ಕಾಣಿಸಲೇ ಇಲ್ಲ. ಅಂಥವರಿಗೇ ಹಾಗಾದ ಮೇಲೆ ಮಿಕ್ಕವರ ಮಾತೇನು!

ಆದುದರಿಂದ ಪಶ್ಚಿಮವಾಹಿನಿಯಲ್ಲಾಗಲಿ, ಊರಿನ ಕೆರೆಬಾವಿಗಳಲ್ಲಾಗಲಿ, ಬಡಾವಣೆಯ ಈಜುಕೊಳದಲ್ಲಾಗಲಿ ಉಸಿರು ಕಟ್ಟುವ ಪಂದ್ಯವಾಡುವ ಮಕ್ಕಳಿದ್ದರೆ ಅವರಿಗೆ ದಯಮಾಡಿ ಹೇಳಿ: ಮುಳುಗುವ ಮುಂಚೆ ದಮ್ಮೆಳೆದು ಬಿಡುವ ಚಾಳಿ ಕೂಡದು, ಒಬ್ಬರೇ ಮುಳುಗಕೂಡದು, ಒಬ್ಬರು ಒಳಗಿದ್ದಾಗ, ಅವರನ್ನು ಎತ್ತಿ ತರಬಲ್ಲ ಇನ್ನೊಬ್ಬರು ಮೇಲಿದ್ದು ಕಣ್ಣಿಟ್ಟು ನೋಡುತ್ತಿರಬೇಕು, ಮುಳುಗಿದವರು ಮೇಲೆ ಬಂದು ಸರಿಯಾಗಿ ಉಸಿರಾಡಿ ಮಾತನಾಡಿದ ಮೇಲೂ ಅರ್ಧ ನಿಮಿಷ ಅವರಿಂದ ಕಣ್ಣು ಕೀಳಬಾರದು.