ಮಿತವ್ಯಯದಲ್ಲಿ ಜರ್ಮನಿಯ ರೈಲುಯಾತ್ರೆ

ಯೂರೋಪುಖಂಡದ ಪ್ರವಾಸವೆಂದೊಡನೆ ಅದು ಶ್ರೀಮಂತರಿಗೆ ಸಲ್ಲತಕ್ಕ ವಿಷಯವೆಂದು ಗೃಹಸ್ಥರು ಪುಟವನ್ನು ಮಗುಚುವುದುಂಟು. ನಾವೂ ಬಹುಕಾಲ ಹಾಗೆಯೇ ಎಣಿಸಿದ್ದೆವು. ಆದರೆ ಮೂವತ್ತು ವರ್ಷಗಳ ಪರ್ಯಂತ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸುತ್ತ, ಕಿಟ್ಟೆಲ್ ಮಹಾಶಯರ ನಿಘಂಟನ್ನು ನಿತ್ಯವೂ ತೆರೆಯುತ್ತ ಬಂದವರಿಗೆ, ಆ ಮಹನೀಯರು ಹುಟ್ಟಿದ ಊರನ್ನೂ ಕಣ್ಣುಮುಚ್ಚಿದ ಊರನ್ನೂ ಒಮ್ಮೆ ಕಾಣಬೇಕೆಂಬ ಆಸೆ ಅಂಕುರಿಸಿದುದು ಸಹಜವೇ ಸರಿ. ನಿವೃತ್ತಿಯ ಹಣದಲ್ಲಿ ಒಂದಂಶವನ್ನು ಇದಕ್ಕೆಂದೇ ತೆಗೆದಿಟ್ಟು, 2025ನೆಯ ಇಸವಿ ಸೆಪ್ಟೆಂಬರಿನಲ್ಲಿ ಸಪತ್ನೀಕರಾಗಿ ಹೊರಟೆವು. ವಿಮಾನದ ವೆಚ್ಚವನ್ನು ತಗ್ಗಿಸುವುದು ನಮ್ಮ ಕೈಯಲ್ಲಿರಲಿಲ್ಲ. ಅಲ್ಲಿ ಇಳಿದ ಮೇಲಿನ ವೆಚ್ಚವಷ್ಟೇ ನಮ್ಮ ಅಧೀನದಲ್ಲಿದ್ದಿತು.

ಜರ್ಮನಿಯಲ್ಲಿ ರೈಲುಬಂಡಿಗಳು ಮುಖ್ಯವಾಗಿ ಎರಡು ಬಗೆ. ದೂರದ ನಗರಗಳ ನಡುವೆ ಧಾವಿಸುವ ಐ.ಸಿ.ಇ. ಮೊದಲಾದ ವೇಗದ ಬಂಡಿಗಳು ಒಂದು. ಊರೂರಿಗೂ ನಿಲ್ಲುತ್ತ ಸಾಗುವ ಪ್ರಾದೇಶಿಕ ಬಂಡಿಗಳು ಇನ್ನೊಂದು. ವೇಗದ ಬಂಡಿಗೂ ಬಹಳ ಮುಂಚಿತವಾಗಿ ಟಿಕೀಟು ಕೊಂಡರೆ ಅಗ್ಗದ ದರ ದೊರೆಯುತ್ತದೆ. ಆದರೆ ಆ ಟಿಕೀಟು ಗೊತ್ತುಮಾಡಿದ ಬಂಡಿಗಲ್ಲದೆ ಬೇರೊಂದಕ್ಕೆ ಸಲ್ಲದು. ನಾವು ಆರಿಸಿಕೊಂಡದ್ದು ಎರಡನೆಯ ಬಗೆಯನ್ನು. ಇವುಗಳಿಗೆ 'ಡಾಯ್ಚ್‌ಲಾಂಡ್ ಟಿಕೀಟು' ಎಂಬುದೊಂದಿದೆ. ದೇಶದ ಸಮಸ್ತ ಪ್ರಾದೇಶಿಕ ಬಂಡಿಗಳಲ್ಲಿ ಎರಡನೆಯ ತರಗತಿಯಲ್ಲಿ, ಊರೊಳಗಿನ ಟ್ರಾಮು ಬಸ್ಸುಗಳಲ್ಲಿಯೂ ತಿಂಗಳಿಡೀ ತಿರುಗಾಡಬಹುದು. 2023ರ ಮೇ ತಿಂಗಳಲ್ಲಿ 49 ಯೂರೋಗಳಿಗೆ ಆರಂಭವಾದ ಇದರ ಬೆಲೆ ನಾವು ಹೋದಾಗ 58 ಇದ್ದಿತು. 2026ರ ಜನವರಿಯಿಂದ 63 ಆಗಿದೆ. ಐದು ಜನರ ಸಂಸಾರವಾದರೆ ಬವೇರಿಯ ಮೊದಲಾದ ಪ್ರಾಂತಗಳ ದಿನದ ಟಿಕೀಟೇ ಲೇಸಾದೀತು. ಒಂದೇ ಟಿಕೀಟಿನಲ್ಲಿ ಐವರು ಹೋಗಬಹುದು, ಆದರೆ ಕೆಲಸದ ದಿನಗಳಲ್ಲಿ ಬೆಳಗಿನ 9 ಗಂಟೆಗೆ ಮುಂಚೆ ನಡೆಯದು.

ನಿಧಾನದ ಬಂಡಿಯಲ್ಲಿ ಕಾಲ ಹೆಚ್ಚು ಹಿಡಿಯುತ್ತದೆ, ನಡುವೆ ಬಂಡಿ ಬದಲಾಯಿಸುವ ಶ್ರಮವೂ ಉಂಟು. ಜರ್ಮನರ ಕಾಲನಿಷ್ಠೆಯನ್ನು ತರಗತಿಯಲ್ಲಿ ಉದಾಹರಿಸುತ್ತಿದ್ದ ನಮಗೆ, 2024ರಲ್ಲಿ ದೂರದ ಬಂಡಿಗಳ ಪೈಕಿ ಹೊತ್ತಿಗೆ ಸರಿಯಾಗಿ ಬಂದವು ನೂರಕ್ಕೆ 62.5 ಮಾತ್ರವೆಂದು ತಿಳಿದು ನಾಚಿಕೆಯಾಯಿತು. ಪ್ರಾದೇಶಿಕ ಬಂಡಿಗಳು ಅವುಗಳಿಗಿಂತ ವಾಸಿ. ಸ್ಟೇಷನ್ನುಗಳಲ್ಲಿ ಟಿಕೀಟು ನೋಡಿ ಒಳಗೆ ಬಿಡುವ ಬಾಗಿಲೇ ಇಲ್ಲ. ಎಲ್ಲವೂ ನಂಬಿಕೆಯ ಮೇಲೆ. ನಂಬಿಕೆ ಕೆಡಿಸಿದವನಿಗೆ ಬಂಡಿಯೊಳಗೆ 60 ಯೂರೋ ದಂಡ.

ಫ್ರಾಂಕ್‌ಫರ್ಟಿನಿಂದ ಮೈಂಟ್ಸಿಗೆ ಹೋಗಿ, ಅಲ್ಲಿಂದ ರೈನ್ ನದಿಯ ಎಡದಂಡೆಯ ಮೇಲೆ ಕೋಬ್ಲೆಂಟ್ಸಿನ ಕಡೆಗೆ ಹೊರಟೆವು. ಉತ್ತರಾಭಿಮುಖವಾಗಿ ಹೋಗುವವರು ಬಲಗಡೆಯ ಕಿಟಕಿಯನ್ನು ಹಿಡಿಯತಕ್ಕದ್ದು. ನದಿ ಆ ಪಕ್ಕದಲ್ಲಿಯೇ ಹರಿಯುತ್ತದೆ. ಕಡಿದಾದ ಗುಡ್ಡಗಳ ಮೇಲೆ ದ್ರಾಕ್ಷಿಯ ತೋಟಗಳು, ಶಿಖರಕ್ಕೊಂದು ಹಳೆಯ ಕೋಟೆ. ಕೌಬ್ ಎಂಬ ಊರಿನೆದುರು ನದಿಯ ನಟ್ಟನಡುವೆ, ಹಡಗಿನ ಆಕಾರದಲ್ಲಿ, ಸುಂಕ ವಸೂಲು ಮಾಡುತ್ತಿದ್ದ ಕೋಟೆಯೊಂದಿದೆ. "ನೀರಿನ ಮೇಲೂ ಸುಂಕದಕಟ್ಟೆಯೇ!" ಎಂದರು ನಮ್ಮ ಮನೆಯವರು. ವೇಗದ ಬಂಡಿಯಲ್ಲಿ ಕಣ್ಣೆವೆಯಿಕ್ಕುವಷ್ಟರಲ್ಲಿ ಸರಿದುಹೋಗುವ ಈ ದೃಶ್ಯಗಳನ್ನು ನಮ್ಮ ಬಡಬಂಡಿಯು ಊರೂರಿಗೆ ನಿಂತು ತೋರಿಸಿತು. ಅದೇ ದಾರಿಯಲ್ಲಿ ಮುಂದೆ ಸಿಕ್ಕುವ ಬಾನ್ ನಗರಕ್ಕೆ ನಾವು ಮನಸಾ ನಮಸ್ಕರಿಸಿದೆವು. ಜರ್ಮನಿಯ ಮೊದಲನೆಯ ಸಂಸ್ಕೃತ ಪ್ರಾಧ್ಯಾಪಕರೆನಿಸಿದ ಶ್ಲೇಗೆಲರು 1823ರಲ್ಲಿ ಭಗವದ್ಗೀತೆಯನ್ನು ಲ್ಯಾಟಿನ್ ಭಾಷಾಂತರದೊಡನೆ ಮುದ್ರಿಸಿದುದು ಅಲ್ಲಿಯೇ.

ವಸತಿಯ ವಿಷಯ ಹೇಳಬೇಕು. ಹೋಟೆಲುಗಳ ಬದಲು ನಾವು ಯುವಜನರ ತಂಗುಮನೆಗಳಲ್ಲಿ ಇಳಿದೆವು. ಹೆಸರಿಗೆ ಹೆದರಬೇಕಾಗಿಲ್ಲ, ಸದಸ್ಯತ್ವದ ಚೀಟಿಯಿದ್ದರೆ ಮುದುಕರಿಗೂ ಸ್ಥಳವುಂಟು. 1909ರಲ್ಲಿ ರಿಚರ್ಡ್ ಶಿರ್‌ಮಾನ್ ಎಂಬ ಉಪಾಧ್ಯಾಯರು ವಿದ್ಯಾರ್ಥಿಗಳೊಡನೆ ಕಾಲ್ನಡೆಯಲ್ಲಿ ಹೋಗುತ್ತ ಬಿರುಮಳೆಗೆ ಸಿಕ್ಕಿ, ಶಾಲೆಯೊಂದರಲ್ಲಿ ರಾತ್ರಿ ಕಳೆದಾಗ ಇಂಥ ಮನೆಗಳ ಯೋಚನೆ ಹುಟ್ಟಿತಂತೆ. ನಮ್ಮ ವೃತ್ತಿಯವರೊಬ್ಬರ ಪುಣ್ಯದಿಂದ ನಮಗೆ ಮಂಚವೂ ಬೆಳಗಿನ ಉಪಾಹಾರವೂ ದೊರೆತುವು.

ಸಸ್ಯಾಹಾರಿಗಳಿಗೆ ರೊಟ್ಟಿ, ಮೊಸರು, ಹಣ್ಣುಗಳಿಗೆ ಕೊರತೆಯಿಲ್ಲ. ಅವಲಕ್ಕಿಯನ್ನೂ ಚಟ್ನಿಪುಡಿಯನ್ನೂ ಕೊಂಡೊಯ್ದಿದ್ದೆವು. ತುಪ್ಪ, ಪೇಡೆ ಮುಂತಾದ ಹಾಲಿನ ಪದಾರ್ಥಗಳನ್ನು ಯೂರೋಪು ಒಕ್ಕೂಟದೊಳಕ್ಕೆ ಒಯ್ಯಗೊಡುವುದಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಬುತ್ತಿ ಒದಗಿಸಿಕೊಳ್ಳತಕ್ಕದ್ದು. ನೀರಿನ ಪ್ಲಾಸ್ಟಿಕ್ ಬಾಟಲಿಯನ್ನು ಬಿಸಾಡಬೇಡಿರಿ. ಅಂಗಡಿಯ ಯಂತ್ರದಲ್ಲಿ ಹಾಕಿದರೆ 25 ಸೆಂಟು ಮರಳಿ ಬರುತ್ತದೆ. ಮನೆಯವರು ಇದರಲ್ಲಿ ನಮಗಿಂತ ಚುರುಕು.

ಸ್ಟುಟ್‌ಗಾರ್ಟಿನಿಂದ ಟ್ಯೂಬಿಂಗನ್ನಿಗೆ ಒಂದು ಗಂಟೆಯ ಹಾದಿ. ಕನ್ನಡಿಗರಿಗೆ ಅದು ಕ್ಷೇತ್ರಯಾತ್ರೆಯಂತೆ. ಬಂಡಿ ಮೊದಲು ಎಸ್ಲಿಂಗನ್ನನ್ನು ಹಾಯುತ್ತದೆ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡಕ್ಕೆ ಮೊದಲ ವೃತ್ತಪತ್ರಿಕೆಯನ್ನು ಕೊಟ್ಟ ಹೆರ್ಮನ್ ಮೋಗ್ಲಿಂಗರು 1881ರಲ್ಲಿ ತೀರಿಕೊಂಡ ಊರು ಅದು. ಹಾದಿಯ ಕೊನೆಗೆ ಟ್ಯೂಬಿಂಗನ್. 1477ರಲ್ಲಿ ಸ್ಥಾಪಿತವಾದ ಅಲ್ಲಿಯ ವಿದ್ಯಾಪೀಠದಲ್ಲಿಯೇ ವೇದಪಂಡಿತರಾದ ರೋಟರು ಬೋಧಿಸಿದರು. ಅದೇ ವಿದ್ಯಾಪೀಠವು 1896ರಲ್ಲಿ ಕಿಟ್ಟೆಲರಿಗೆ ಡಾಕ್ಟರ್ ಪದವಿಯನ್ನಿತ್ತಿತು. 1903ರಲ್ಲಿ ಅವರು ಅದೇ ಊರಿನಲ್ಲಿ ನಿಧನ ಹೊಂದಿದರು. ನೆಕಾರ್ ನದಿಯ ಸೇತುವೆಯ ಮೇಲೆ ನಿಂತಾಗ, ಮನೆಯವರು, "ಇಲ್ಲಿ ಅವರೊಡನೆ ಕನ್ನಡ ಮಾತಾಡಲು ಯಾರಿದ್ದರು?" ಎಂದು ಕೇಳಿದರು. ನಮಗೆ ಉತ್ತರ ತೋಚಲಿಲ್ಲ.

ಆ ರಾತ್ರಿಯೇ ನಮ್ಮ ಪ್ರಮಾದ ಬೆಳಕಿಗೆ ಬಂತು. ಮೇಲೆ ಹೇಳಿದ ಟಿಕೀಟು ವಾಸ್ತವವಾಗಿ ಚಂದಾ. ಬೇಡವೆಂದು ಆ ತಿಂಗಳ 10ನೆಯ ತಾರೀಖಿನೊಳಗೆ ತಿಳಿಸದಿದ್ದರೆ ಮುಂದಿನ ತಿಂಗಳಿಗೂ ಹಣ ಕಡಿತವಾಗುತ್ತದೆ. ಇದನ್ನು ಊರಿನಲ್ಲಿಯೇ ಓದಿ, ಕೆಂಪು ಮಸಿಯಲ್ಲಿ ಗುರುತುಮಾಡಿಯೂ ಇದ್ದೆವು. ನೆನಪಾದದ್ದು 12ರಂದು! ಇಬ್ಬರಿಂದ 116 ಯೂರೋ ವ್ಯರ್ಥ. ಕಿಟ್ಟೆಲರು 1832ರಲ್ಲಿ ಜನಿಸಿದ ರೆಸ್ಟರ್‌ಹಾಫೆ ಎಂಬ ಹಳ್ಳಿ ಉತ್ತರದ ಕಡಲಿನ ಬಳಿಯ ಓಸ್ಟ್‌ಫ್ರೀಸ್‌ಲಾಂಡಿನಲ್ಲಿದೆ. ಅಲ್ಲಿ ಎರಡು ರಾತ್ರಿ ತಂಗಲೆಂದು ಇಟ್ಟಿದ್ದ ಹಣವೇ ಅದು. "ಸಾಲ ಮಾಡಿಯಾದರೂ ಹೋಗೋಣ" ಎಂದೆವು ನಾವು. "ನೀವು ಹೇಳುವುದೇನು? ಊರಿಗೆ ಹೋದ ಮೇಲೆ ಔಷಧಕ್ಕೆ ಹಣ ಬೇಡವೆ?" ಎಂದರು ಅವರು. ನಾವು ಸುಮ್ಮನಾದೆವು.

ಉತ್ತರವನ್ನು ಬಿಟ್ಟು ಉಲ್ಮ್ ಮಾರ್ಗವಾಗಿ ನ್ಯೂರೆಂಬರ್ಗಿಗೆ ಬಂದೆವು. ಅಲ್ಲಿಂದ ಫ್ಯೂರ್ಟಿಗೆ 1835ರಲ್ಲಿ ಜರ್ಮನಿಯ ಮೊದಲ ಉಗಿಬಂಡಿ ಓಡಿತು. ಆರು ಕಿಲೋಮೀಟರಿನಷ್ಟು ಹಾದಿ. ಅದೇ ಹಾದಿಯಲ್ಲಿ ಒಮ್ಮೆ ಹೋಗಿಬಂದು, ಮರುದಿನ ವ್ಯೂರ್ಟ್ಸ್‌ಬರ್ಗಿನ ಮೇಲೆ ಫ್ರಾಂಕ್‌ಫರ್ಟು ಸೇರಿದೆವು. ವಿಮಾನಕ್ಕೆ ಕಾಯುತ್ತ ಕುಳಿತಿದ್ದಾಗ ಮನೆಯವರು ಲೆಕ್ಕದ ಪುಸ್ತಕ ತೆಗೆದು, ವಸತಿ, ಊಟ, ಟಿಕೀಟುಗಳ ಕೆಳಗೆ 'ಮರೆವು—116' ಎಂದು ಬರೆದು, ಅದರ ಕೆಳಗಿನ ಸಾಲಿನಲ್ಲಿ 'ರೆಸ್ಟರ್‌ಹಾಫೆ—ಬಾಕಿ' ಎಂದು ಸೇರಿಸಿದರು.