ಅಪ್ಪನ ಪುಟ್ಟ ಲ್ಯಾಪ್‌ಟಾಪಿಗೆ ಹೊಸ ಡಿಸ್ಕು

ನೆಟ್‌ಬುಕ್ ಅಂತ ಒಂದು ಜಾತಿಯ ಲ್ಯಾಪ್‌ಟಾಪ್ ಇತ್ತು, ನೆನಪಿದೆಯಾ? 2007ರಲ್ಲಿ ಆಸುಸ್ ಕಂಪನಿಯ ಏಳಿಂಚಿನ ಈ-ಪಿಸಿ ಬಂದಾಗ ಶುರುವಾದ ಹುಚ್ಚು ಅದು. ಆಮೇಲೆ ಇಂಟೆಲ್‌ನ ಆಟಂ ಚಿಪ್ ಹಾಕಿದ ಹತ್ತಿಂಚಿನವು ಸಾಲುಸಾಲಾಗಿ ಬಂದವು. ಟ್ಯಾಬ್ಲೆಟ್ಟು, ದೊಡ್ಡ ಮೊಬೈಲು ಬಂದ ಮೇಲೆ ಬಂದಷ್ಟೇ ಬೇಗ ಮಾಯವೂ ಆದವು. ಮಾಯವಾಗದೆ ಉಳಿದದ್ದೊಂದು ತಿಪಟೂರಿನ ನಮ್ಮ ಮನೆಯಲ್ಲಿದೆ. ಅಪ್ಪ 2010ರಲ್ಲಿ ಕೊಂಡದ್ದು, ನಾನಾಗ ಏಳನೇ ಕ್ಲಾಸು.

ಅಪ್ಪ ಅದರಲ್ಲಿ ಮಾಡುವುದು ಒಂದೇ ಕೆಲಸ, ನುಡಿ ತಂತ್ರಾಂಶದಲ್ಲಿ ಟೈಪಿಸುವುದು. ಅಜ್ಜಿ ಹೇಳುತ್ತಿದ್ದ ಸೋಬಾನೆ ಪದ, ಬೀಸುವ ಪದ, ಹಸೆಗೆ ಕರೆಯುವ ಪದ... ಪಕ್ಕದಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಆಮೇಲೆ ಟೈಪಿಸಿದ್ದು ಒಟ್ಟು 143. ಅಜ್ಜಿ 2014ರಲ್ಲಿ ತೀರಿಕೊಂಡರು. ನೋಟ್‌ಬುಕ್ಕನ್ನು ಗೆದ್ದಲು ತಿಂದಿತು. ಉಳಿದದ್ದು ಆ ಡಿಸ್ಕಿನಲ್ಲಿ ಇದ್ದದ್ದು ಮಾತ್ರ.

ಈ ಸಲ ಊರಿಗೆ ಹೋದಾಗ ಅಪ್ಪ, "ಒಳಗೆ ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು ಬರ್ತಿದೆ ಕಣೋ" ಅಂದರು. ಹಲ್ಲಿ ಲೊಚಗುಟ್ಟಿದರೆ ದಿಕ್ಕು ನೋಡಿ ಶಕುನ ಹೇಳುತ್ತಾರೆ. ಹಾರ್ಡ್ ಡಿಸ್ಕ್ ಲೊಚಗುಟ್ಟಿದರೆ ದಿಕ್ಕು ನೋಡಬೇಕಾಗಿಲ್ಲ, ಕೆಟ್ಟದ್ದೇ!

ಹಳೇ ಡಿಸ್ಕಿನೊಳಗೆ ನಿಜಕ್ಕೂ ತಿರುಗುವ ತಟ್ಟೆ ಇರುತ್ತದೆ. ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90. ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ, ತಾಗದ ಹಾಗೆ, ಓದುವ ಹೆಡ್ಡು ಓಡಾಡುತ್ತಿರುತ್ತದೆ. ಬೇಕಾದ ಜಾಗ ಸಿಗದಿದ್ದಾಗ ಅದು ಹಿಂದಕ್ಕೆ ಹೋಗಿ ಮತ್ತೆ ಮತ್ತೆ ಪ್ರಯತ್ನಿಸುವ ಸದ್ದೇ ಈ ಲೊಚಲೊಚ. ಇಂಥ ಹೊತ್ತಿನಲ್ಲಿ ಹೊಸ ವಿಂಡೋಸ್ ಹಾಕುವುದು, ಡಿಸ್ಕ್ ರಿಪೇರಿಯ ತಂತ್ರಾಂಶ ಓಡಿಸುವುದು ಎಲ್ಲ ಕಾಯಿಲೆಯವರನ್ನು ಓಟಕ್ಕೆ ನಿಲ್ಲಿಸಿದ ಹಾಗೆ. ಮೊದಲು ಆಫ್ ಮಾಡಬೇಕು, ಅಷ್ಟೇ.

ಬ್ಯಾಟರಿ ತೆಗೆದು, ಕೀಬೋರ್ಡಿನ ಮೇಲಂಚಿನ ಕೊಕ್ಕೆಗಳನ್ನು ಒಳಕ್ಕೆ ಒತ್ತಿ, ಕೀಬೋರ್ಡನ್ನು ಮೆಲ್ಲಗೆ ಎತ್ತಿದೆ. ಅದರಡಿಯಲ್ಲಿ ರಿಬ್ಬನ್ನಿನಂಥ ಕೇಬಲ್ ಇರುತ್ತದೆ, ಎಳೆದರೆ ಹರಿಯುತ್ತದೆ. ಅದರ ಪುಟ್ಟ ಲಾಕ್ ಬಿಡಿಸಿ ಹೊರತೆಗೆಯಬೇಕು. ಬಿಚ್ಚಿದ ಸ್ಕ್ರೂಗಳನ್ನು ಅಮ್ಮನ ಇಡ್ಲಿ ತಟ್ಟೆಯಲ್ಲಿ ಗುಳಿಗೊಂದು ಬಗೆಯಂತೆ ಇಟ್ಟೆ. ಹದಿನೈದು ನಿಮಿಷದಲ್ಲಿ ಡಿಸ್ಕು ಕೈಗೆ ಬಂತು.

ಅದನ್ನು ಯುಎಸ್‌ಬಿ ಕೇಬಲ್ಲಿನಿಂದ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಡಿಡಿ-ರೆಸ್ಕ್ಯೂ ಓಡಿಸಿದೆ. ಲಿನಕ್ಸಿನ ಈ ಉಚಿತ ತಂತ್ರಾಂಶ ಬಲು ಜಾಣ. ಸುಲಭವಾಗಿ ಓದಲು ಬರುವ ಜಾಗಗಳನ್ನೆಲ್ಲ ಮೊದಲು ನಕಲು ಮಾಡಿಕೊಳ್ಳುತ್ತದೆ, ಕೆಟ್ಟ ಜಾಗ ಬಂದರೆ ಗುರುತು ಹಾಕಿಕೊಂಡು ಮುಂದೆ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಆ ಗುರುತು ಹಿಡಿದು ಮತ್ತೆ ಬಂದು ಕೆದಕುತ್ತದೆ. ಡಿಸ್ಕು ನಡುವೆ ಪ್ರಾಣ ಬಿಟ್ಟರೂ ಅಲ್ಲಿಯವರೆಗಿನದು ನಮ್ಮದು. ಒಂದು ಹಗಲು, ಎರಡು ರಾತ್ರಿ ಓಡಿತು. ಅಪ್ಪ ಆಗಾಗ ಬಂದು, "ಎಷ್ಟಾಯ್ತೋ?" ಅಂತ ಕೇಳಿ ಹೋಗುತ್ತಿದ್ದರು, ಆಸ್ಪತ್ರೆಯ ವರಾಂಡದಲ್ಲಿ ಕೇಳುವ ಹಾಗೆ. 143ರಲ್ಲಿ 142 ಫೈಲು ತೆರೆದವು. ಒಂದು ಬೀಸುವ ಪದದ ಫೈಲು ಏನು ಮಾಡಿದರೂ ತೆರೆಯಲಿಲ್ಲ.

ಆ ಜಾಗಕ್ಕೆ ಎಸ್‌ಎಸ್‌ಡಿ ಹಾಕಿದೆ. ಅದರಲ್ಲಿ ತಿರುಗುವ ತಟ್ಟೆಯೇ ಇಲ್ಲ, ಬರೀ ಮೆಮೊರಿ ಚಿಪ್ಪು. ಎರಡಕ್ಕೂ ಅದೇ ಸಾಟಾ ಕನೆಕ್ಟರು, ಹಾಗಾಗಿ ಸಲೀಸಾಗಿ ಕೂರುತ್ತದೆ. ಹಳೆಯದರ ದಪ್ಪ 9.5 ಮಿಲಿಮೀಟರ್, ಹೊಸದು 7. ಉಳಿದ ಸಂದಿಗೆ ಪ್ಲಾಸ್ಟಿಕ್ ಚೌಕಟ್ಟು ಸಿಗುತ್ತದೆ. ಈ ಯಂತ್ರದ ಆಟಂ ಎನ್450 ಚಿಪ್ 64 ಬಿಟ್‌ನದ್ದಾದ್ದರಿಂದ 2025ರಲ್ಲಿ ಬಂದ ಡೆಬಿಯನ್ 13 ಹಾಕಲು ಆಯಿತು. ಮೂರು ನಿಮಿಷ ತೆಗೆದುಕೊಳ್ಳುತ್ತಿದ್ದದ್ದು ಈಗ ಒಂದು ನಿಮಿಷದೊಳಗೆ ಶುರುವಾಗುತ್ತದೆ. ಹಾಗಂತ ಪವಾಡವೇನಲ್ಲ, ಯೂಟ್ಯೂಬು ಈಗಲೂ ಕುಂಟುತ್ತದೆ. ಎತ್ತು ಹಳೆಯದೇ, ಗಾಡಿಯ ಚಕ್ರ ಮಾತ್ರ ಹೊಸದು.

ಇನ್ನೊಂದು ಕೆಲಸ ಬಾಕಿಯಿತ್ತು. ಅಪ್ಪನ ಫೈಲುಗಳೆಲ್ಲ ಯೂನಿಕೋಡ್‌ಗಿಂತ ಹಿಂದಿನ ನುಡಿ ಫಾಂಟಿನವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅಜ್ಜಿಯ ಪದ ಹೋಗಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ಡಿಸ್ಕು ಗಟ್ಟಿಯಿದ್ದೂ ಓದಲಾಗದಿದ್ದರೆ ಅದೂ ಕಳೆದುಹೋದಂತೆಯೇ ಅಲ್ಲವೇ? ಪರಿವರ್ತಕ ತಂತ್ರಾಂಶದಿಂದ ಎಲ್ಲವನ್ನೂ ಯೂನಿಕೋಡ್ ಮಾಡಿದೆ. ಅರ್ಕಾವೊತ್ತು ಕೆಲವು ಕಡೆ ತಪ್ಪು ಜಾಗಕ್ಕೆ ಹೋಗಿತ್ತು, ಅಪ್ಪ ಕೂತು ತಿದ್ದಿದರು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಲಿನಕ್ಸಿನಲ್ಲೂ ಇರುವುದರಿಂದ ಅವರ ಬೆರಳು ಹೊಸದೇನನ್ನೂ ಕಲಿಯಬೇಕಾಗಲಿಲ್ಲ.

ತೆರೆಯದ ಆ ಒಂದು ಪದಕ್ಕೆ ಅರಸೀಕೆರೆಯ ಅತ್ತೆಗೆ ಫೋನ್ ಮಾಡಿದೆವು. "ಅಯ್ಯೋ, ಬೀಸೋ ಕಲ್ಲು ಮುಟ್ಟಿ ಎಷ್ಟು ವರ್ಷ ಆಯ್ತಪ್ಪಾ" ಅನ್ನುತ್ತಲೇ ಹಾಡಿದರು. ಎರಡು ಸಾಲು ಮಾತ್ರ ಅವರಿಗೂ ನೆನಪಾಗಲಿಲ್ಲ. ಅಪ್ಪ ಅಲ್ಲಿ ಚುಕ್ಕಿ ಇಟ್ಟು ಜಾಗ ಬಿಟ್ಟಿದ್ದಾರೆ. ಈಗ ಎಲ್ಲದರ ಪ್ರತಿ ಅತ್ತೆಯ ಮಗಳ ಬಳಿ ಒಂದು, ನನ್ನ ಬಳಿ ಒಂದು ಇದೆ.

ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದೊಂದು ಪುಟ್ಟ ಯಂತ್ರ ಇದ್ದೀತು. ಅದು ಲೊಚಗುಟ್ಟುವ ಮುಂಚೆಯೇ ಒಮ್ಮೆ ಕೆಳಗಿಳಿಸಿ ನೋಡಿ.